ಮಲೆನಾಡಿನ ಹಳೆಯ ಮನೆಗೆ ಬೆಚ್ಚಗಿನ ನೆಲ

ಆಷಾಢದ ಮಳೆಯು ಹಗಲಿರುಳೆನ್ನದೆ ಹಿಡಿದು ಸುರಿಯುವ ಕಾಲದಲ್ಲಿ, ಸಕಲೇಶಪುರ ಸೀಮೆಯ ಹೆತ್ತೂರು, ಯಸಳೂರು, ಹಾನುಬಾಳುಗಳ ಕಡೆಯ ಯಾವುದಾದರೊಂದು ಹಳೆಯ ಮನೆಯನ್ನು ಹೊಕ್ಕು, ಬರಿಗಾಲಿನಲ್ಲಿ ಜಗಲಿಯಿಂದ ನಡುಮನೆಗೆ ನಡೆದವರಿಗೆ, ಆ ಮನೆಯ ಜೀರ್ಣೋದ್ಧಾರವು ಆಗಿದೆಯೋ ಇಲ್ಲವೋ ಎಂಬುದು ಅಂಗಾಲಿನಿಂದಲೇ ತಿಳಿದುಬಿಡುತ್ತದೆ. ಹಿಂದಿನ ಕೆಂಪು ಗಾರೆಯ ನೆಲವೋ ಸಗಣಿ ಸಾರಿಸಿದ ಮಣ್ಣಿನ ನೆಲವೋ ಉಳಿದಿರುವಲ್ಲಿ ಕಾಲಿಗೆ ತಂಪು ತಾಗುತ್ತದೆ, ಅಷ್ಟೇ. ಹೊಸದಾಗಿ ವಿಟ್ರಿಫೈಡ್ ಟೈಲ್ಸು ಹಾಸಿರುವಲ್ಲಿಯಾದರೋ ಕನ್ನಡಿಯಂತಹ ಮೇಲ್ಮೈಯ ಮೇಲೆ ನೀರು ಸಣ್ಣ ಸಣ್ಣ ಹನಿಗಳಾಗಿ ಕೂತಿರುತ್ತದೆ. ನಡೆದಲ್ಲೆಲ್ಲ ಹೆಜ್ಜೆಯ ಗುರುತು ಮೂಡುತ್ತದೆ. ಮನೆಯವರು ಒಳಗೂ ಚಪ್ಪಲಿ ಮೆಟ್ಟಿಕೊಂಡು, ಬಾಗಿಲಬಾಗಿಲಿಗೂ ಗೋಣಿಚೀಲ ಹಾಸಿಕೊಂಡು, ವಯಸ್ಸಾದವರ ಮಂಡಿನೋವಿಗೂ ಮಕ್ಕಳ ನೆಗಡಿಗೂ ಮಳೆಯನ್ನು ದೂರುತ್ತಿರುತ್ತಾರೆ. ಮಳೆಯಾದರೋ ಅಜ್ಜನ ಕಾಲದಲ್ಲಿಯೂ ಹೀಗೆಯೇ ಸುರಿಯುತ್ತಿದ್ದಿತು. ಬದಲಾದುದು ನೆಲ, ನೆಲದೊಡನೆ, ಅದನ್ನು ಒಣಗಿಸುತ್ತಿದ್ದ ಮನೆಯ ನಡವಳಿಕೆಯೂ ಬದಲಾಗಿದೆ.

ತೊಟ್ಟಿಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವ ಅವಸರವು ಈಚೆಗೆ ಸ್ವಲ್ಪ ತಗ್ಗಿ, ಇದ್ದುದನ್ನೇ ದುರಸ್ತಿ ಮಾಡಿಕೊಂಡು ಬಾಳುವ ಮನಸ್ಸು ಅನೇಕರಲ್ಲಿ ಮೂಡಿರುವುದು ಸಂತೋಷದ ಸಂಗತಿ. ಆದರೆ ಇಂತಹ ದುರಸ್ತಿಯಲ್ಲಿ ಮಾಡಿನ ಹೆಂಚಿಗೂ ಗೋಡೆಯ ಬಣ್ಣಕ್ಕೂ ಸಲ್ಲುವ ಯೋಚನೆಯ ದಶಾಂಶವೂ ನೆಲಕ್ಕೆ ಸಲ್ಲುವುದಿಲ್ಲ. ನೆಲವೆಂದರೆ ಅಂಗಡಿಯಲ್ಲಿ ಆರಿಸಿ ತರತಕ್ಕ ಬಣ್ಣವೆಂದೇ ಬಹುಮಂದಿ ಭಾವಿಸಿದ್ದಾರೆ. ನಿಜವಾಗಿ ನೆಲವು ಮನೆಗೂ ಭೂಮಿಗೂ ನಡುವಣ ಗೋಡೆ. ಮಲಗಿದಂತಿರುವುದರಿಂದ ಗೋಡೆಯೆಂದು ತೋರುವುದಿಲ್ಲ, ಅಷ್ಟೇ.

ಈ ಪ್ರಾಂತದ ಭೂಮಿಯ ಸ್ವಭಾವವನ್ನು ಮೊದಲು ತಿಳಿಯಬೇಕು. ಸಕಲೇಶಪುರ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 950 ಮೀಟರು ಎತ್ತರದಲ್ಲಿದೆ. ವರ್ಷದ ಮಳೆ 2000 ಮಿಲಿಮೀಟರನ್ನು ಮೀರುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ಪಶ್ಚಿಮಕ್ಕೆ ಬಿಸಿಲೆಯ ಕಡೆ ಹೋದಂತೆ ಮಳೆ ಏರುತ್ತದೆ, ಪೂರ್ವಕ್ಕೆ ಆಲೂರು, ಪಾಳ್ಯಗಳ ಕಡೆ ಇಳಿದಂತೆ ಅದು ತಗ್ಗುತ್ತದೆ. ಹಾಸನವನ್ನು ಮುಟ್ಟುವಷ್ಟರಲ್ಲಿ ಅರ್ಧಕ್ಕೂ ಕಡಿಮೆ. ಆದುದರಿಂದ ಹೆತ್ತೂರಿನ ಮನೆಗೆ ಬೇಕಾದುದೆಲ್ಲ ಆಲೂರಿನ ಮನೆಗೂ ಬೇಕೆಂದು ಹೇಳಲಾಗದು. ಎರಡು ಕಡೆಗೂ ಸಮಾನವಾದುದು ಭೂಮಿಯೊಳಗಿನ ಉಷ್ಣತೆ. ನೆಲದಡಿಯಲ್ಲಿ ಕೆಲವು ಮೀಟರು ಆಳಕ್ಕೆ ಹೋದರೆ, ಮೇಲೆ ಚೈತ್ರವಿರಲಿ ಪುಷ್ಯವಿರಲಿ, ಮಣ್ಣಿನ ಉಷ್ಣತೆಯು ಆ ಊರಿನ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ನಮ್ಮಲ್ಲಿ ಅದು ಸುಮಾರು 22 ಡಿಗ್ರಿ. 1792ರಲ್ಲಿ ಟೀಪು ಸುಲ್ತಾನನು ಕಟ್ಟಿಸಿದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ನೆಲಮಾಳಿಗೆಗೆ ಬೇಸಗೆಯ ಮಧ್ಯಾಹ್ನದಲ್ಲಿ ಇಳಿದವರಿಗೆ ಈ ಸತ್ಯವು ಮೈಗೇ ತಾಗುತ್ತದೆ.

ಇಂಗ್ಲೆಂಡಿನಂತಹ ಶೀತದೇಶಗಳಲ್ಲಿ ಹಳೆಯ ಮನೆಯನ್ನು ನವೀಕರಿಸುವವರು ನೆಲವನ್ನು ಅಗೆದು, ಅಡಿಯಲ್ಲಿ ಹತ್ತು ಹನ್ನೆರಡು ಸೆಂಟಿಮೀಟರು ದಪ್ಪದ ಉಷ್ಣರೋಧಕ ಹಲಗೆಗಳನ್ನು ಹಾಸುತ್ತಾರೆ. ಅಲ್ಲಿ ಅದು ಯುಕ್ತವೇ. ಒಳಗೆ 20 ಡಿಗ್ರಿಗೆ ಕಾಯಿಸಿದ ಕೋಣೆ, ಅಡಿಯಲ್ಲಿ 10 ಡಿಗ್ರಿಯ ಭೂಮಿ, ಕಾಯಿಸಿದ ಶಾಖವೆಲ್ಲ ಕೆಳಕ್ಕೆ ಸೋರಿಹೋಗುತ್ತದೆ. ನಮ್ಮಲ್ಲಿ ಹಾಗಲ್ಲ. ಶ್ರಾವಣದಲ್ಲಿ ಕೋಣೆಯ ಗಾಳಿಯೂ ನೆಲದಡಿಯ ಮಣ್ಣೂ ಹೆಚ್ಚು ಕಡಿಮೆ ಒಂದೇ ಉಷ್ಣತೆಯಲ್ಲಿರುತ್ತವೆ. ಧನುರ್ಮಾಸದ ಬೆಳಗಿನ ಜಾವದಲ್ಲಿಯಂತೂ ಹೊರಗಿನ ಗಾಳಿ 14-15 ಡಿಗ್ರಿಗೆ ಇಳಿದಿರುವಾಗ, ಭೂಮಿಯೇ ಮನೆಗೆ ಸ್ವಲ್ಪ ಶಾಖವನ್ನು ಕೊಡುತ್ತಿರುತ್ತದೆ. ಏಪ್ರಿಲಿನಲ್ಲಿ ತಂಪನ್ನು ಕೊಡುವುದೂ ಅದೇ ಭೂಮಿ. ಇಂತಹ ಆಪ್ತನೊಡನೆ ಸಂಬಂಧವನ್ನು ಪೂರ್ತಿ ಕಡಿದುಕೊಳ್ಳುವಷ್ಟು ದಪ್ಪನಾದ ತಡೆಯನ್ನು ನಾವು ಹಾಸಿಕೊಳ್ಳಬೇಕಾದುದಿಲ್ಲ. ನಮ್ಮ ಶತ್ರು ಪಸೆ, ನೀರು. ಒದ್ದೆಯಾದ ಮಣ್ಣು ಒಣಮಣ್ಣಿಗಿಂತ ನಾಲ್ಕೈದು ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ, ಏಕೆಂದರೆ ಕಣಗಳ ನಡುವೆ ಗಾಳಿಯಿದ್ದ ಎಡೆಯನ್ನೆಲ್ಲ ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಉಷ್ಣವಾಹಕವಾದ ನೀರು ಆಕ್ರಮಿಸಿಕೊಂಡಿರುತ್ತದೆ. ಹಾಗಾಗಿ ನೆಲವನ್ನು ಒಣಗಿಸುವುದೇ ಅದನ್ನು ಬೆಚ್ಚಗಿಡುವ ಮೊದಲನೆಯ ಉಪಾಯ. ಉಳಿದ ಉಪಾಯಗಳೆಲ್ಲ ಅದರ ಹಿಂದೆ ಬರತಕ್ಕವು.

ಹಿಂದಿನವರು ಇದನ್ನು ಶಾಸ್ತ್ರವಾಗಿ ಬರೆದಿಡಲಿಲ್ಲ, ಆದರೆ ಬಾಳಿನಲ್ಲಿ ಅಳವಡಿಸಿಕೊಂಡಿದ್ದರು. ಮನೆಯನ್ನು ಅಂಗಳದಿಂದ ಎತ್ತರಿಸಿದ ಪಾಯದ ಮೇಲೆ ಕಟ್ಟುತ್ತಿದ್ದರು. ಒಳಗೆ ಮಣ್ಣನ್ನು ತುಂಬಿ, ನೀರು ಚಿಮುಕಿಸಿ, ದಿಮ್ಮಸೆಯಿಂದ ಬಡಿದು ಗಟ್ಟಿಮಾಡುತ್ತಿದ್ದರು. ಊಟಕ್ಕೆ ಮಣೆ, ಮಲಗಲು ಚಾಪೆಯ ಮೇಲೆ ಕಂಬಳಿ, ಭತ್ತಕ್ಕೆ ನೆಲಮುಟ್ಟದ ಕಣಜ. ಕಗ್ಗಲ್ಲು ಮರಕ್ಕಿಂತ ಹದಿನೈದು ಇಪ್ಪತ್ತು ಪಟ್ಟು ವೇಗವಾಗಿ ಶಾಖವನ್ನು ಸೆಳೆಯುತ್ತದೆ; ಒಂದೇ ಕೋಣೆಯಲ್ಲಿ ಒಂದೇ ಉಷ್ಣತೆಯಲ್ಲಿರುವ ಕಲ್ಲು ತಣ್ಣಗೂ ಮಣೆ ಬೆಚ್ಚಗೂ ತೋರುವುದು ಇದರಿಂದಲೇ. ಮನೆಯ ನೆಲಕ್ಕೆಲ್ಲ ಹಾಕಲಾಗದ ಮರವನ್ನು, ಮೈ ತಾಗುವ ಒಂದು ಗೇಣು ಎಡೆಗೆ ಮಾತ್ರ ಹಾಕಿಕೊಂಡ ಆ ಮಿತವ್ಯಯವು ನನಗೆ ಬಹಳ ಗೌರವಾರ್ಹವಾಗಿ ತೋರುತ್ತದೆ. ಇವೆಲ್ಲಕ್ಕೂ ಮಿಗಿಲಾದುದು ಒಲೆ. ಅಡುಗೆಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೌದೆಯ ಬೆಂಕಿ, ಬಚ್ಚಲಿನಲ್ಲಿ ಹಂಡೆಯ ಬೆಂಕಿ. ಆ ಕಾವು ಮನೆಯೊಳಗಿನ ಒದ್ದೆಗಾಳಿಯನ್ನು ಬಿಸಿಮಾಡಿ, ಅಟ್ಟದ ಸಂದುಗಳಿಂದಲೂ ಹೆಂಚಿನ ಸಂದುಗಳಿಂದಲೂ ಹೊಗೆಯೊಡನೆ ಮೇಲಕ್ಕೆ ಅಟ್ಟುತ್ತಿದ್ದಿತು. ಗ್ಯಾಸು ಬಂದು ಒಲೆ ಆರಿತು. ಮಾಡಿನಡಿಗೆ ಫಾಲ್ಸ್ ಸೀಲಿಂಗ್ ಬಂದು ಗಾಳಿಯ ದಾರಿ ಮುಚ್ಚಿತು. ಕಿಟಕಿಗೆ ಗಾಜು ಬಂತು. ಹೊಗೆಯಿಂದ ಹೆಂಗಸರ ಕಣ್ಣು ಉಳಿದುದು ದೊಡ್ಡ ಲಾಭವೇ, ಅದನ್ನು ಯಾರೂ ಹಿಂದಕ್ಕೆ ಕೇಳಬಾರದು. ಆದರೆ ಒಲೆಯು ಮಾಡುತ್ತಿದ್ದ ಇನ್ನೊಂದು ಕೆಲಸಕ್ಕೆ ಬದಲಿ ವ್ಯವಸ್ಥೆಯನ್ನು ನಾವು ಮಾಡಲಿಲ್ಲ.

ಕಾಫಿ ಬೆಳೆಗಾರರಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಒಣಗಿಸಿದ ಚೆರ್‍ರಿಯ ಮೂಟೆಗಳನ್ನು ಗೋದಾಮಿನ ಬರಿಯ ನೆಲದ ಮೇಲೆ ಒಟ್ಟುವವರುಂಟೆ? ಹಲಗೆಗಳನ್ನು ಹಾಸಿ, ಗೋಡೆಯಿಂದ ದೂರ ಸರಿಸಿ, ಸುತ್ತ ಗಾಳಿಯಾಡುವಂತೆ ಜೋಡಿಸುತ್ತಾರೆ. ಇಲ್ಲವಾದರೆ ನೆಲದ ಪಸೆಯನ್ನು ಬೀಜ ಹೀರಿ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಮೂಟೆಗೆ ತೋರುವ ಈ ಎಚ್ಚರಿಕೆಯನ್ನು ಮನೆಮಂದಿ ಮಲಗುವ ಕೋಣೆಗೂ ತೋರಿದರೆ ಸಾಕು.

ನೆಲವು ಒದ್ದೆಯಾಗುವುದಕ್ಕೆ ಮೂರು ಕಾರಣಗಳುಂಟು. ಅವುಗಳಲ್ಲಿ ಯಾವುದೆಂದು ಗೊತ್ತಾಗದೆ ಹಣ ಸುರಿಯುವುದು ವ್ಯರ್ಥ. ಇಳಿಜಾರಿನಲ್ಲಿ ಗುಡ್ಡವನ್ನು ಕಡಿದು ಕಟ್ಟಿದ ಮನೆಗಳಲ್ಲಿ ಮಳೆ ಜೋರಾದಾಗ ನೆಲದಿಂದಲೇ ಜಲ ಏಳುವುದುಂಟು. ಗುಡ್ಡದ ಹೊಟ್ಟೆಯಲ್ಲಿ ತುಂಬಿದ ನೀರು ಒತ್ತಡದಿಂದ ಮೇಲಕ್ಕೆ ಬರುವುದರಿಂದ, ಇದನ್ನು ನೆಲಹಾಸಿನಿಂದ ತಡೆಯುತ್ತೇನೆಂಬುದು ಆಗದ ಮಾತು. ಎರಡನೆಯದು ಕೇಶಾಕರ್ಷಣ. ದೀಪದ ಬತ್ತಿಯು ಎಣ್ಣೆಯನ್ನು ಹೀರುವ ಹಾಗೆ ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆ ಎಳೆಯುತ್ತವೆ. ರಂಧ್ರವು ಕಿರಿದಾದಷ್ಟೂ ಏರಿಕೆ ಹೆಚ್ಚು. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದ ತ್ರಿಜ್ಯವುಳ್ಳ ನಾಳದಲ್ಲಿ ನೀರು ಸುಮಾರು ಒಂದೂವರೆ ಮೀಟರು ಏರಬಲ್ಲುದು. ಒಂದು ಸೆಂಟಿಮೀಟರು ಎಡೆಯಿರುವ ಜಲ್ಲಿಯ ನಡುವೆ ಅದು ಏರಲಾರದು. ಮೂರನೆಯದು ಬೆವರು. 24 ಡಿಗ್ರಿಯ ಗಾಳಿಯಲ್ಲಿ ಶೇಕಡ 90ರಷ್ಟು ಆರ್ದ್ರತೆ ಇದ್ದರೆ, 22 ಡಿಗ್ರಿಗಿಂತ ಸ್ವಲ್ಪ ಮೇಲಕ್ಕೇ ಇಬ್ಬನಿ ಕಟ್ಟಲು ಮೊದಲಾಗುತ್ತದೆ; ನೆಲದ ಮೇಲ್ಮೈ 21 ಡಿಗ್ರಿಯಲ್ಲಿದ್ದರೆ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಸಗಣಿಯ ನೆಲವೂ ಗಾರೆಯ ನೆಲವೂ ಈ ಬೆವರನ್ನು ಕೊಂಚ ಹೀರಿ, ಬಿಸಿಲು ಬಂದಾಗ ಬಿಟ್ಟುಕೊಡುತ್ತಿದ್ದವು. ತನ್ನ ತೂಕದ ಶೇಕಡ ಅರ್ಧದಷ್ಟೂ ನೀರು ಹೀರದ ವಿಟ್ರಿಫೈಡ್ ಟೈಲ್ಸಿನ ಮೇಲೆ ಅದು ಹನಿಯಾಗಿಯೇ ನಿಲ್ಲುತ್ತದೆ.

ಅಡಿಯ ಪಸೆಯೋ ಮೇಲಿನ ಬೆವರೋ ಎಂದು ತಿಳಿಯಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆಯುಂಟು. ಟೈಲ್ಸು ಹಾಕದ ನೆಲದ ಮೇಲೆ, ಮಳೆಗಾಲದಲ್ಲಿ, ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ನಾಲ್ಕಂಚಿಗೂ ಗಾಳಿ ನುಸುಳದಂತೆ ಅಂಟುಪಟ್ಟಿ ಹಚ್ಚಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಬಳಿಕ ಮೊದಲು ಹಾಳೆಯ ಮೇಲ್ಭಾಗವನ್ನು ಬೆರಳಿನಿಂದ ಸವರಿ ನೋಡಿ, ಆಮೇಲೆ ಎತ್ತಿ ಅಡಿಯನ್ನು ನೋಡಬೇಕು. ಅಡಿಯಲ್ಲಿ ಹನಿ ಕಟ್ಟಿ, ನೆಲದ ಬಣ್ಣ ಕಪ್ಪೇರಿದ್ದರೆ ನೀರು ಭೂಮಿಯದು. ಮೇಲೆ ಮಾತ್ರ ಒದ್ದೆಯಿದ್ದರೆ ಗಾಳಿಯದು. ಹೆತ್ತೂರಿನ ಕಡೆ ಬಹುಶಃ ಎರಡೂ ಕಂಡಾವು. ಆಲೂರಿನ ಕಡೆ ಎಷ್ಟೋ ಮನೆಗಳಲ್ಲಿ ಮೇಲಿನದು ಮಾತ್ರ ಕಂಡು, ನೆಲವನ್ನು ಅಗೆಯುವ ಖರ್ಚೇ ಉಳಿದೀತು.

ಕೆಲಸವನ್ನು ಮನೆಯ ಹೊರಗಿನಿಂದ ಆರಂಭಿಸತಕ್ಕದ್ದು. ಮನೆಯ ಹಿಂದೆ ಏರಿರುವ ಗುಡ್ಡದ ಕಡೆ, ಗೋಡೆಯಿಂದ ಕೆಲವು ಅಡಿ ದೂರದಲ್ಲಿ, ಒಳಗಿನ ನೆಲಕ್ಕಿಂತ ಆಳವಾದ ಬಸಿಗಾಲುವೆಯನ್ನು ತೆಗೆದು, ದಪ್ಪ ಜಲ್ಲಿ ತುಂಬಿ, ತಗ್ಗಿಗೆ ಹರಿಯುವಂತೆ ಮಾಡಬೇಕು. ಗದ್ದೆಯ ನೀರನ್ನು ಬಸಿದು ತೆಗೆಯುವ ವಿದ್ಯೆ ಗೊತ್ತಿರುವ ರೈತನಿಗೆ ಇದಕ್ಕೆ ಎಂಜಿನಿಯರು ಬೇಕಿಲ್ಲ. ಆದರೆ ಕಾಲುವೆಯನ್ನು ಗೋಡೆಯ ಬುಡಕ್ಕೇ ತೋಡಿದರೆ ಪಾಯ ಸಡಿಲವಾಗುವುದೆಂಬುದನ್ನೂ, ಕಡಿದ ಗುಡ್ಡವನ್ನು ಮತ್ತೆ ಕಡಿಯುವುದು ಎಂತಹ ಅಪಾಯವೆಂಬುದನ್ನೂ ಮರೆಯಬಾರದು. 2018ರ ಆಗಸ್ಟಿನಲ್ಲಿ ಶಿರಾಡಿ ಘಟ್ಟದ ರಸ್ತೆಯೂ ಸಕಲೇಶಪುರ-ಸುಬ್ರಹ್ಮಣ್ಯ ರೈಲುಮಾರ್ಗವೂ ಮಣ್ಣು ಕುಸಿದು ಮುಚ್ಚಿಹೋದುದು ಈ ಸೀಮೆಯ ಜನಕ್ಕೆ ಹಳೆಯ ಮಾತಲ್ಲ. ಇನ್ನು ಸೂರಿನ ನೀರು ಗೋಡೆಯ ಬುಡದಲ್ಲಿ ಬಿದ್ದು ಚಿಮ್ಮದಂತೆ ದೋಣಿ ಕಟ್ಟುವುದು, ವರ್ಷ ವರ್ಷ ಮಣ್ಣು ಸೇರಿ ಏರಿದ ಅಂಗಳವನ್ನು ತಗ್ಗಿಸುವುದು, ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸುವಾಗ ಇಳಿಜಾರು ಮನೆಯ ಕಡೆಗಿಲ್ಲದಂತೆ ನೋಡಿಕೊಳ್ಳುವುದು, ತೊಟ್ಟಿಯ ನೀರು ಹೊರಗೆ ಹೋಗುವ ತೂಬನ್ನು ಶುಚಿಮಾಡುವುದು, ಇಷ್ಟನ್ನು ಮಾಡಿ ಒಂದು ಮಳೆಗಾಲ ಕಾದರೆ, ಅರ್ಧ ಕಾಯಿಲೆ ತಾನಾಗಿಯೇ ಇಳಿಯುತ್ತದೆ.

ಅನಂತರ ಒಳಗಿನ ಕೆಲಸ. ಇಲ್ಲಿ ಮೊದಲ ಎಚ್ಚರಿಕೆ ಪಾಯದ ಆಳದ್ದು. ಹಳೆಯ ಮಣ್ಣಿನ ಗೋಡೆಗಳ ಅಡಿಯಲ್ಲಿ ಕಾಡುಗಲ್ಲಿನ ಪಾಯವು ಎಷ್ಟು ಆಳವಿದೆಯೆಂದು ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ ನೋಡದೆ ಇಡೀ ಕೋಣೆಯನ್ನು ಅಗೆಯಬಾರದು. ಪಾಯದ ತಳಕ್ಕಿಂತ ಕೆಳಗೆ ಎಂದಿಗೂ ಹೋಗಬಾರದು. ಎರಡನೆಯದು ಕಂಬಗಳದ್ದು, ಇದನ್ನು ನಾನು ಹೆಚ್ಚು ಒತ್ತಿ ಹೇಳಬಯಸುತ್ತೇನೆ. ತೊಟ್ಟಿಯ ಸುತ್ತಲಿನ ಮರದ ಕಂಬಗಳನ್ನು ನೆಲಕ್ಕೆ ಹೂಳದೆ ಅಡಿಗಲ್ಲಿನ ಮೇಲೆ ನಿಲ್ಲಿಸಿರುವುದು ಬರಿಯ ಅಲಂಕಾರಕ್ಕಲ್ಲ. ಮರದ ನಾರುಗಳೆಲ್ಲ ಕಂಬದ ತುದಿಯಲ್ಲಿ ಬಾಯ್ದೆರೆದುಕೊಂಡಿರುತ್ತವೆ. ಅಲ್ಲಿ ಪಸೆ ತಾಗಿದರೆ ಅದು ಮೇಲಕ್ಕೇರುತ್ತದೆ, ಅದರ ಹಿಂದೆಯೇ ಗೆದ್ದಲು ಬರುತ್ತದೆ. ಈಗಿನ ಕಂತ್ರಾಟುದಾರರು ಹಳೆಯ ನೆಲವನ್ನು ಅಗೆಯುವ ಶ್ರಮವನ್ನು ಉಳಿಸಲು ಅದರ ಮೇಲೆಯೇ ನಾಲ್ಕು ಅಂಗುಲ ಕಾಂಕ್ರೀಟು ಸುರಿದು ಟೈಲ್ಸು ಹಚ್ಚುತ್ತಾರೆ. ಅಡಿಗಲ್ಲು ಕಾಂಕ್ರೀಟಿನೊಳಗೆ ಮುಳುಗಿ, ಕಂಬದ ಬುಡ ಅದರಲ್ಲಿ ಹೂತುಹೋಗುತ್ತದೆ. ನೂರು ವರ್ಷ ಮಾಡನ್ನು ಹೊತ್ತ ಹಲಸಿನ ಕಂಬ ಹತ್ತು ವರ್ಷದಲ್ಲಿ ಬುಡದಿಂದ ಕೊಳೆಯಲು ಇಷ್ಟು ಸಾಕು. ಜೊತೆಗೆ, ಮೊದಲೇ ತಗ್ಗಾದ ಬಾಗಿಲುಗಳು ಇನ್ನೂ ತಗ್ಗಾಗುತ್ತವೆ, ಹೊಸ್ತಿಲು ಮಾಯವಾಗುತ್ತದೆ. ನೆಲವನ್ನು ಏರಿಸಬೇಡಿ, ಅಗೆದು, ಹಳೆಯ ಮಟ್ಟದಲ್ಲಿಯೇ ಮತ್ತೆ ಕಟ್ಟಿ.

ಒಂದಡಿಯಷ್ಟು ಮಣ್ಣನ್ನು ತೆಗೆದ ಮೇಲೆ, ತಳವನ್ನು ದಿಮ್ಮಸೆಯಿಂದ ಬಡಿದು, ಗೆದ್ದಲಿನ ಔಷಧಿಯನ್ನು ಹಾಕಬೇಕು. ಬಾವಿಯು ಹತ್ತಿರವಿದ್ದರೆ ಇದನ್ನು ತಿಳಿದವರ ಕೈಯಿಂದಲೇ ಮಾಡಿಸಬೇಕು, ಏಕೆಂದರೆ ಗೆದ್ದಲನ್ನು ಕೊಲ್ಲುವ ವಿಷವು ಕುಡಿಯುವ ನೀರಿಗೂ ಸೇರಬಹುದು. ಅದರ ಮೇಲೆ ಆರೇಳು ಅಂಗುಲ ದಪ್ಪ 40 ಮಿಲಿಮೀಟರಿನ ಜಲ್ಲಿ. ಜಲ್ಲಿಯು ತೊಳೆದುದಾಗಿರಬೇಕು, ಅದರಲ್ಲಿ ಪುಡಿ ಇರಬಾರದು. ಪುಡಿ ಇದ್ದರೆ ಸಂದುಗಳು ತುಂಬಿ ಕೇಶಾಕರ್ಷಣಕ್ಕೆ ಮತ್ತೆ ದಾರಿಯಾಗುತ್ತದೆ. ಈ ಒಂದು ಪದರವು ಸರಿಯಾಗಿದ್ದರೆ ಕೇಶಾಕರ್ಷಣದಿಂದ ಏರುವ ಪಸೆ ಅಲ್ಲಿಗೇ ನಿಂತಿತು.

ಇಲ್ಲಿಂದ ಮೇಲೆ ಎರಡು ದಾರಿಗಳಿವೆ. ಯಾವುದನ್ನು ಹಿಡಿಯಬೇಕೆಂಬುದನ್ನು ಗೋಡೆಯೇ ಹೇಳುತ್ತದೆ. ಗೋಡೆಯು ಸಿಮೆಂಟಿನಲ್ಲಿ ಕಟ್ಟಿದ ಕಲ್ಲಿನದೋ ಸುಟ್ಟ ಇಟ್ಟಿಗೆಯದೋ ಆಗಿದ್ದು, ಪಾಯದ ಮೇಲೆ ಪಸೆ ತಡೆಯುವ ಪಟ್ಟಿಯಿದ್ದರೆ, ಜಲ್ಲಿಯ ಮೇಲೆ ತೆಳು ಮರಳು ಹರಡಿ, 1000 ಗೇಜಿನ, ಎಂದರೆ 250 ಮೈಕ್ರಾನಿನ ಪಾಲಿಥೀನ್ ಹಾಳೆಯನ್ನು ಅಂಚುಗಳು ಒಂದರ ಮೇಲೊಂದು ಒಂದಡಿಯಾದರೂ ಬರುವಂತೆ ಹಾಸಿ, ಅದರ ಮೇಲೆ 25 ಮಿಲಿಮೀಟರಿನ ಎಕ್ಸ್‌ಪಿಎಸ್ (ಗಟ್ಟಿ ಪಾಲಿಸ್ಟೈರೀನ್ ನೊರೆಯ) ಉಷ್ಣರೋಧಕ ಹಲಗೆಯನ್ನಿಟ್ಟು, ಮೇಲೆ ಮೂರು ಅಂಗುಲ ಕಾಂಕ್ರೀಟು ಹಾಕಬಹುದು. ಈ ತೆಳು ಹಲಗೆಯ ಉಷ್ಣರೋಧವು ಸುಮಾರು 2 ಮೀಟರು ದಪ್ಪದ ಗ್ರಾನೈಟಿನದಕ್ಕೆ ಸಮ. ಅದರಿಂದಾಗುವ ಮುಖ್ಯ ಪ್ರಯೋಜನವೆಂದರೆ, ನೆಲದ ಮೇಲ್ಮೈಯು ಭೂಮಿಯ ತಂಪಿಗೆ ಕಟ್ಟುಬೀಳದೆ ಕೋಣೆಯ ಗಾಳಿಯೊಡನೆ ತಾನೂ ಬೇಗ ಬಿಸಿಯಾಗುತ್ತದೆ. ಇಬ್ಬನಿ ಕೂರುವುದು ಬಹುಮಟ್ಟಿಗೆ ತಪ್ಪುತ್ತದೆ. 25 ಮಿಲಿಮೀಟರಿಗಿಂತ ದಪ್ಪ ನಮ್ಮಲ್ಲಿ ಬೇಕಾಗಿಲ್ಲ. ಟಿ.ವಿ. ಪೆಟ್ಟಿಗೆಯಲ್ಲಿ ಬರುವಂತಹ ಬಿಳಿಯ ಥರ್ಮೋಕೋಲನ್ನು ಇದರ ಬದಲಿಗೆ ಹಾಸಬಾರದು. ಅದು ನೀರು ಕುಡಿಯುತ್ತದೆ, ಭಾರಕ್ಕೆ ಕುಗ್ಗುತ್ತದೆ.

ಗೋಡೆಯು ಮಣ್ಣಿನದಾಗಿದ್ದರೆ ಈ ದಾರಿ ಸಲ್ಲದು. ಕೋಣೆಯ ನೆಲವನ್ನೆಲ್ಲ ಪ್ಲಾಸ್ಟಿಕ್ಕಿನಿಂದ ಮುಚ್ಚಿದಾಗ, ಅಲ್ಲಿ ಮೇಲಕ್ಕೆ ಹೋಗಿ ಆರುತ್ತಿದ್ದ ಪಸೆಯು ಅಂಚಿಗೆ ಸರಿದು ಗೋಡೆಯನ್ನು ಹತ್ತುತ್ತದೆ. ಗೋಡೆಗೆ ಸಿಮೆಂಟು ಗಿಲಾವೂ ಪ್ಲಾಸ್ಟಿಕ್ ಪೇಂಟೂ ಬಳಿದಿದ್ದರೆ ಅದು ಅಲ್ಲಿಯೂ ಆರಲಾರದೆ ಗೋಡೆಯ ಬುಡವನ್ನೇ ಮೆತ್ತಗೆ ಮಾಡುತ್ತದೆ. ಮೊಣಕಾಲೆತ್ತರದಲ್ಲಿ ಬಣ್ಣ ಉಬ್ಬಿ, ಬಿಳಿಯ ಉಪ್ಪು ಹೊಮ್ಮಿ, ಗಿಲಾವು ಚಕ್ಕೆಚಕ್ಕೆಯಾಗಿ ಉದುರುವುದನ್ನು ಈ ಸೀಮೆಯಲ್ಲಿ ಯಾರು ಕಂಡಿಲ್ಲ? ಇಂತಹ ಮನೆಗೆ ಸುಣ್ಣವೇ ಮಿತ್ರ. ಜಲ್ಲಿಯ ಮೇಲೆ ಇಟ್ಟಿಗೆ ಜಲ್ಲಿ, ಸುರ್ಕಿ (ಇಟ್ಟಿಗೆಯ ಪುಡಿ), ಸುಣ್ಣಗಳ ಕಾಂಕ್ರೀಟನ್ನು ನಾಲ್ಕು ಅಂಗುಲ ಹಾಕಿ ಬಡಿಯುವುದು ನಮ್ಮ ಹಳೆಯ ಗಾರೆಯವರು ಬಲ್ಲ ಕೆಲಸ. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುವ ಪದ್ಧತಿಯೂ ದಕ್ಷಿಣದೇಶದಲ್ಲಿ ಪ್ರಾಚೀನವಾದುದು. ಇಟ್ಟಿಗೆಯ ಚೂರುಗಳೊಳಗೆ ಗಾಳಿಯ ಎಡೆ ಇರುವುದರಿಂದ ಈ ಪದರವು ಸಿಮೆಂಟು ಕಾಂಕ್ರೀಟಿಗಿಂತ ಬೆಚ್ಚಗಿರುತ್ತದೆ. ಸುಣ್ಣವು ಪಸೆಯನ್ನು ಆವಿಯಾಗಿ ಬಿಟ್ಟುಕೊಡುವುದರಿಂದ ಗೋಡೆಗೆ ಭಾರ ಬೀಳುವುದಿಲ್ಲ. ದುಡ್ಡೂ ಕಾಲವೂ ಹೆಚ್ಚು ಬೇಕು, ನಿಜ. ಆದರೂ ಮಣ್ಣಿನ ಗೋಡೆಯ ಮನೆಗೆ ನಾನು ಇದನ್ನಲ್ಲದೆ ಬೇರೊಂದನ್ನು ಹೇಳಲಾರೆ.

ಖರ್ಚು ಉಳಿಸಲು ನೆಲದಡಿಗೆ ಭತ್ತದ ಹೊಟ್ಟನ್ನೋ ಕಾಫಿಯ ಹೊಟ್ಟನ್ನೋ ತುಂಬುವ ಯೋಚನೆ ಕೆಲವರಿಗೆ ಬರಬಹುದು. ಒಣಗಿದ್ದಾಗ ಹೊಟ್ಟು ಒಳ್ಳೆಯ ಉಷ್ಣರೋಧಕವೇ. ಆದರೆ ಈ ಮಳೆಯ ದೇಶದಲ್ಲಿ ಅದು ಕೊಳೆತು ಕುಸಿಯುತ್ತದೆ, ಗೆದ್ದಲಿಗೆ ಔತಣವಾಗುತ್ತದೆ. ಮಣ್ಣಿನೊಳಗೆ ಸಾವಯವ ವಸ್ತುವನ್ನು ಹೂಳಲೇಬಾರದು. ಮರ ಬೇಕಾದವರು ಅದನ್ನು ಮೇಲ್ಗಡೆ, ಅಡಿಯಲ್ಲಿ ಗಾಳಿಯಾಡುವಂತೆ ಬಳಸಲಿ. 1856ರಲ್ಲಿ ಮಂಜರಾಬಾದಿಗೆ, ಎಂದರೆ ಇದೇ ಸೀಮೆಗೆ, ಬಂದು ನೆಲಸಿದ ರಾಬರ್ಟ್ ಎಲಿಯಟ್ಟನಂತಹ ಬ್ರಿಟಿಷ್ ಕಾಫಿ ಬೆಳೆಗಾರರ ಕಾಲದಿಂದ ಇಲ್ಲಿ ಬಂಗಲೆಗಳುಂಟು. ಹಲಗೆಯ ನೆಲ ಮಾಡಿಸುವವರು ಅದರಡಿಯ ಗಾಳಿಕಿಂಡಿಗಳನ್ನು ಮುಚ್ಚಬಾರದೆಂಬ ನಿಯಮ ಅಂದಿಗೂ ಇಂದಿಗೂ ಒಂದೇ. ಮೇಲ್ಮೈಗೆ ನನ್ನ ಆಯ್ಕೆ ಕೆಂಪು ಗಾರೆ, ಇಲ್ಲವೆ ಮೆರುಗು ಕೊಡದ ಮಣ್ಣಿನ ಟೈಲ್ಸು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಸುಟ್ಟ ಮಣ್ಣು ಈ ಘಟ್ಟಕ್ಕೆ ಪರಿಚಿತ. ಮಾಡಿಗೆ ಒಗ್ಗಿದ್ದು ನೆಲಕ್ಕೂ ಒಗ್ಗುತ್ತದೆ.

ಕಾಲದ ವಿಷಯ ಒಂದು ಮಾತು. ನೆಲವನ್ನು ಅಗೆಯುವುದು ದೀಪಾವಳಿ ಕಳೆದ ಮೇಲೆ. ತೆರೆದ ಮಣ್ಣು ಕೆಲವು ವಾರ ಗಾಳಿ ಬಿಸಿಲು ಕಂಡು ಆರಬೇಕು. ಸುಣ್ಣದ ಕೆಲಸ ಸಂಕ್ರಾಂತಿಯ ಹೊತ್ತಿಗೆ ಮುಗಿದರೆ ಮುಂಗಾರಿಗೆ ಮೊದಲು ಗಟ್ಟಿಯಾಗಲು ನಾಲ್ಕು ತಿಂಗಳು ಸಿಕ್ಕುತ್ತದೆ. ಅದೇ ಕಾಲ ಕಾಫಿ ಕೊಯ್ಲಿನದೂ ಆದುದರಿಂದ ಆಳುಗಳು ಸಿಕ್ಕುವುದು ಕಷ್ಟ. ಹಾಗೆಂದು ಏಪ್ರಿಲಿಗೆ ಮುಂದೂಡಿದರೆ ಹಸಿ ನೆಲದ ಮೇಲೆಯೇ ಮಳೆ ಬರುತ್ತದೆ. ಇಡೀ ಮನೆಯನ್ನು ಒಂದೇ ವರ್ಷ ಎತ್ತಿಕೊಳ್ಳಬೇಕೆಂಬ ನಿರ್ಬಂಧವೇನೂ ಇಲ್ಲ. ಹಿರಿಯರು ಮಲಗುವ ಕೋಣೆಯೊಂದನ್ನು ಈ ವರ್ಷ ಮಾಡಿಸಿ, ಅದರ ಕಿಟಕಿಯನ್ನು ಒಣಹವೆಯಲ್ಲಿ ತೆರೆದು ಒದ್ದೆಹವೆಯಲ್ಲಿ ಮುಚ್ಚಿ, ಒಂದು ಮಳೆಗಾಲ ಪೂರ್ತಿ ನೋಡಿ, ಆಮೇಲೆ ಉಳಿದ ಕೋಣೆಗಳಿಗೆ ಕೈ ಹಾಕಿ.